ಏಳು ಎಲುಬಿನ ಕುತ್ತಿಗೆ

ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ ಕೂಡಲೇ ಮೊದಲು ಮಾತಾಡಿದ್ದು ಐದನೇ ಕ್ಲಾಸಿನ ನನ್ನ ಮಗ. ಕುರ್ಚಿಯಿಂದ ಎದ್ದು ಹೋಗಿ, ಬೆರಳು ಮುಂದೆ ಮಾಡಿ, ಮೇಲಿನಿಂದ ಕೆಳಕ್ಕೆ ಎಣಿಸಿದ.

"ಏಳೇ ಅವ ನೋಡು ಮುತ್ಯಾ. ಜಿರಾಫೆಗೂ ಏಳೇ ಇರ್ತಾವ."

ಸುಮ್ಮನಿರು ಎಂದು ನಾನು ಕಣ್ಣು ಬಿಟ್ಟೆ. ಆದರೆ ಡಾಕ್ಟರು ನಕ್ಕರು. ಹೈದರಾಬಾದಿನವರಾದರೂ ಅವರಿಗೆ ಕನ್ನಡ ತಿಳಿಯುತ್ತಿತ್ತು. "ಸರಿಯಾಗಿ ಹೇಳಿದಿ. ಅಷ್ಟು ದೊಡ್ಡ ಕುತ್ತಿಗೆಗೂ ಏಳೇ ಎಲುಬು," ಎಂದರು. ಆಮೇಲೆ ಅವರ ಪೆನ್ನಿನ ತುದಿ ಐದನೇ ಮತ್ತು ಆರನೇ ಎಲುಬಿನ ನಡುವೆ ನಿಂತಿತು. ನಗು ಅಲ್ಲಿಗೇ ಮುಗಿಯಿತು.

ಅಪ್ಪ ಕಲಬುರಗಿಯ ಗಂಜಿನಲ್ಲಿ 38 ವರ್ಷ ಹಮಾಲಿ ಮಾಡಿದವನು. ತೊಗರಿ, ಕಡಲೆ, ಜೋಳ, ಏನು ಬಂದರೂ ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ. ಆಗಿನ ಚೀಲ ಅಂದರೆ ಒಂದು ಕ್ವಿಂಟಲ್. ಇಬ್ಬರು ಎತ್ತಿ ಕೊಡುತ್ತಿದ್ದರು, ಒಬ್ಬ ಬಗ್ಗಿ ಕುತ್ತಿಗೆ ಮತ್ತು ಬೆನ್ನಿನ ಸಂದಿನಲ್ಲಿ ಅದನ್ನು ಹಿಡಿಯುತ್ತಿದ್ದ. ಆ ಜಾಗದಲ್ಲಿ ಅಪ್ಪನಿಗೆ ಈಗಲೂ ಎತ್ತಿನ ಹೆಗಲಿನಂತೆ ಚರ್ಮ ದಪ್ಪಗಿದೆ. ಅದೇ ಗಂಜಿನ ಒಂದು ಅಡತಿ ಅಂಗಡಿಯಲ್ಲಿ ನಾನು ಈಗ ಲೆಕ್ಕ ಬರೆಯುತ್ತೇನೆ. ಅಪ್ಪ ಹೊತ್ತ ಚೀಲದ ದುಡ್ಡಿನಿಂದಲೇ ನಾನು ಬಿ.ಕಾಂ. ಮುಗಿಸಿದ್ದು. ಇದನ್ನು ಅವನು ಒಮ್ಮೆಯೂ ಆಡಿ ತೋರಿಸಿಲ್ಲ. ನಾನೂ ಅದರ ಬಗ್ಗೆ ಅವನೊಡನೆ ಮಾತಾಡಿದವನಲ್ಲ.

ಕಳೆದ ಯುಗಾದಿಯ ಹೊತ್ತಿಗೆ ಅವನ ಬೆರಳುಗಳು ಮಾತು ಕೇಳುವುದನ್ನು ಬಿಟ್ಟವು. ಮೊದಲು ಅಂಗಿಯ ಗುಂಡಿ ಹಾಕಲಿಕ್ಕೆ ಆಗದಾಯಿತು. ಆಮೇಲೆ ರೊಟ್ಟಿ ಮುರಿಯುವಾಗ ಕೈ ನಡುಗತೊಡಗಿತು. ಒಂದು ಸೋಮವಾರ ರಾತ್ರಿ ಮಠದ ಭಜನೆಯಲ್ಲಿ ಏಕತಾರಿ ಕೈಯಿಂದ ಜಾರಿ ಬಿತ್ತು. ಅಪ್ಪ ತತ್ವಪದ ಹಾಡುತ್ತಾನೆ. ಹಗಲೆಲ್ಲ ಚೀಲ ಹೊತ್ತವನು ಸೋಮವಾರ ರಾತ್ರಿ ಹನ್ನೆರಡರ ತನಕ ಹಾಡುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಏಕತಾರಿ ಬಿದ್ದ ರಾತ್ರಿ ಅವನು ಅದನ್ನು ಎತ್ತಿ ಗೋಡೆಗೆ ಒರಗಿಸಿಟ್ಟು, ಬರಿಗೈಯಲ್ಲೇ ಪದ ಮುಗಿಸಿದ. ಮನೆಗೆ ಬಂದು, "ತಮ್ಮಾ, ನನ್ನ ಕೈ ನನ್ನವಲ್ಲ ಅನಸ್ಲಕತ್ತ್ಯಾವ," ಎಂದ.

ಊರಿನಲ್ಲಿ ಸ್ಕ್ಯಾನ್ ಮಾಡಿಸಿ, ಫಿಲ್ಮುಗಳ ದೊಡ್ಡ ಲಕೋಟೆ ಹಿಡಿದು, ದಸರೆ ರಜೆಯಲ್ಲಿ ಹೈದರಾಬಾದಿಗೆ ಹೊರಟೆವು. ಅಲ್ಲಿ ನನ್ನ ತಂಗಿಯ ಮನೆಯಿದೆ. ಮಗನನ್ನು ಕರೆದೊಯ್ಯುವ ಯೋಚನೆ ನನಗಿರಲಿಲ್ಲ. ಅವನದು ಒಂದೇ ಹಟ: ಹೈದರಾಬಾದಿನಲ್ಲಿ ನಿಜವಾದ ಡೈನೋಸಾರ್ ಅಸ್ಥಿಪಂಜರ ಇದೆ, ಹೋಗದಿದ್ದರೆ ತಾನು ಊಟ ಮಾಡುವುದಿಲ್ಲ. ಅವನ ಪರವಾಗಿ ಮಾತಾಡಿದ್ದು ಅಪ್ಪನೇ. "ಬರ್ಲಿ ಬಿಡು. ದವಾಖಾನಿದಾಗ ನನಗೂ ಮಾತಾಡ್ಲಕ್ ಒಬ್ಬ ಬೇಕು."

ಡಾಕ್ಟರು ಹೇಳಿದ್ದು ಇಷ್ಟು. ಎರಡು ಎಲುಬುಗಳ ನಡುವಿನ ಮೆತ್ತೆ ಸವೆದು ಹಿಂದಕ್ಕೆ ಚಾಚಿದೆ. ಜೊತೆಗೆ ಎಲುಬೂ ಅಂಚಿನಲ್ಲಿ ಬೆಳೆದಿದೆ. ಎರಡೂ ಸೇರಿ ಮಿದುಳುಬಳ್ಳಿಯನ್ನು ಒತ್ತುತ್ತಿವೆ. ಹೀಗೇ ಬಿಟ್ಟರೆ ಕೈ ಇನ್ನೂ ಸೋಲುತ್ತದೆ, ಆಮೇಲೆ ಕಾಲಿನ ಸರದಿ. ಕುತ್ತಿಗೆಯ ಮುಂಭಾಗದಿಂದ ಆಪರೇಷನ್ ಮಾಡಿ ಆ ಮೆತ್ತೆ ತೆಗೆದು, ಎಲುಬುಗಳನ್ನು ಸಣ್ಣ ಪಟ್ಟಿಯಿಂದ ಬಿಗಿದರೆ ಒತ್ತಡ ತಪ್ಪುತ್ತದೆ. ಕೈ ಸ್ವಲ್ಪ ಸುಧಾರಿಸಲೂಬಹುದು.

"ಒಂದು ಮಾತು ಮೊದಲೇ ಹೇಳಬೇಕು," ಎಂದರು. "ದನಿಪೆಟ್ಟಿಗೆಗೆ ಹೋಗುವ ನರ ನಾವು ಕೆಲಸ ಮಾಡುವ ಜಾಗದ ಪಕ್ಕದಲ್ಲೇ ಇದೆ. ಸರಿಸುವಾಗ ಅದಕ್ಕೆ ಎಳೆತ ಬಿದ್ದರೆ ದನಿ ಒಡೆಯಬಹುದು. ಹೆಚ್ಚಿನವರಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಕೆಲವೇ ಕೆಲವರಿಗೆ ಹಾಗೇ ಉಳಿಯುತ್ತದೆ."

ಅಪ್ಪ ನನ್ನ ಮುಖ ನೋಡಿದ. ನಾನು ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ರಾತ್ರಿ ಯೋಚನೆ ಮಾಡಿ ನಾಳೆ ಹತ್ತು ಗಂಟೆಗೆ ಹೇಳಿ ಎಂದು ಡಾಕ್ಟರು ಕಳಿಸಿಕೊಟ್ಟರು.

ಹೊರಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ತಂಗಿಯ ಮನೆಗೆ ಹೋಗಿ ಗೋಡೆ ನೋಡುತ್ತ ಕೂಡುವ ಮನಸ್ಸು ಯಾರಿಗೂ ಇರಲಿಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡಿದ್ದ ಅಪ್ಪ, "ನಡಿ, ತಮ್ಮನ ಪ್ರಾಣಿ ನೋಡಿ ಬರೋಣು," ಎಂದ. ಆಟೋ ಹತ್ತಿ ನೌಬತ್ ಪಹಾಡಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋದೆವು.

ಆ ಅಸ್ಥಿಪಂಜರದ ಹೆಸರು ಕೋಟಾಸಾರಸ್. ಮುಂದೆ ಸಪೂರ ಕುತ್ತಿಗೆ, ನಡುವೆ ಗುಡಿಸಲಿನಂಥ ಪಕ್ಕೆಲುಬಿನ ಗೂಡು, ಹಿಂದೆ ನೆಲದತ್ತ ಇಳಿಯುವ ಬಾಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಚ್ಚುಕಡಿಮೆ ಒಂದು ಬಸ್ಸಿನಷ್ಟು ಉದ್ದ. ಮಗ ಕೂಗುತ್ತಾನೆ ಎಂದುಕೊಂಡಿದ್ದೆ. ಅವನು ಬಾಯಿ ತೆರೆದು ಸುಮ್ಮನೆ ನಿಂತುಬಿಟ್ಟ. ಐದು ನಿಮಿಷದ ಮೇಲೆ ಶುರುವಾಯಿತು ನೋಡಿ ಅವನ ಪಾಠ. ಇಲ್ಲಿ ನಾನು ಬರೆಯುತ್ತಿರುವುದರಲ್ಲಿ ಹೆಚ್ಚಿನದು ಅಂದು ಅವನ ಬಾಯಿಂದ ಕೇಳಿದ್ದು. ಮಗನ ಮಾತು ಅಂತ ಸುಮ್ಮನೆ ನಂಬದೆ ಆಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿ ತಿಳಿದುಕೊಂಡೆ. ಅವನು ಹೇಳಿದ್ದರಲ್ಲಿ ತಪ್ಪು ಬಹಳ ಕಡಿಮೆ ಇತ್ತು.

ಈ ಎಲುಬುಗಳು ಸಿಕ್ಕಿದ್ದು ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ, ಆಗಿನ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿ ಎಂಬ ಹಳ್ಳಿಯ ಹತ್ತಿರ. ಅಲ್ಲಿಯ ಕಲ್ಲಿನ ಪದರಕ್ಕೆ ಕೋಟಾ ಎಂದು ಹೆಸರು, ಪ್ರಾಣಿಗೂ ಅದೇ ಹೆಸರು ಬಂತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪಿ. ಯಾದಗಿರಿ ಅವರು 1988ರಲ್ಲಿ ಅದಕ್ಕೆ ಹೆಸರಿಟ್ಟು ಜಗತ್ತಿಗೆ ಪರಿಚಯಿಸಿದರು. ಒಂದೇ ಪ್ರಾಣಿ ಇಡಿಯಾಗಿ ಸಿಕ್ಕಿದ್ದಲ್ಲ. ಕನಿಷ್ಠ 12 ಪ್ರಾಣಿಗಳ 840 ಎಲುಬುಗಳು ಕಲಸಿಹೋಗಿ ಬಿದ್ದಿದ್ದವು. ಅವುಗಳಿಂದ ಆರಿಸಿ ಜೋಡಿಸಿ ನಿಲ್ಲಿಸಿದ್ದು ಈ ಒಂದು.

"ಹನ್ನೆರಡು ಮಂದಿ ಕೂಡಿ ಒಂದು," ಎಂದ ಅಪ್ಪ. "ನಮ್ಮ ಟೋಳಿ ಇದ್ದಂಗ."

ಆಮೇಲೆ ಅವನು ಮಾಡಿದ್ದನ್ನು ನಾನು ಮರೆಯಲಾರೆ. ಎಲ್ಲರೂ ಕುತ್ತಿಗೆಯತ್ತ ನೋಡುತ್ತಿದ್ದರೆ, ಅಪ್ಪ ಕೆಳಗೆ ನೋಡುತ್ತ ಪ್ರಾಣಿಯ ಸುತ್ತ ಒಂದು ಸುತ್ತು ಬಂದ. ಕುತ್ತಿಗೆಯ ಪಟ್ಟಿಯಿಂದಾಗಿ ಅವನಿಗೆ ಮೇಲೆ ನೋಡಲು ಆಗುತ್ತಿರಲಿಲ್ಲ. ನಾಲ್ಕೂ ಕಾಲನ್ನು ಒಂದೊಂದಾಗಿ ನೋಡಿದ. ಲಾರಿಯ ಲೋಡು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಹಿಂದೆ ಹಾಗೇ ನೋಡುತ್ತಿದ್ದ.

"ಇದು ಹಮಾಲಿ ಗೊತ್ತಿದ್ದ ಪ್ರಾಣಿ," ಎಂದ. "ಕಾಲು ನೋಡು, ಮೊಳಕಾಲದಾಗ ಬಾಗಿಲ್ಲ. ಕಂಬದಂಗ ನೆಟ್ಟಗ ಅವ. ಚೀಲ ಬೆನ್ನ ಮ್ಯಾಲ ಬಿದ್ದಾಗ ಮೊಳಕಾಲ ಬಾಗಸ್ದಿ ಅಂದ್ರ ಮುಗೀತು. ಭಾರ ತೊಡಿಗೆ ಬರ್ತದ, ತೊಡಿ ನಡುಗ್ತದ. ಕಾಲು ನೆಟ್ಟಗಿದ್ರ ಭಾರ ಸೀದಾ ನೆಲಕ್ಕ ಹೋಗ್ತದ, ನಿನಗ ಗೊತ್ತೇ ಆಗಲ್ಲ."

ಮಗ ಕುಣಿದಾಡಿದ. ಪುಸ್ತಕದಲ್ಲೂ ಅದೇ ಬರೆದಿತ್ತು. ಈ ಉದ್ದ ಕುತ್ತಿಗೆಯ ಸಸ್ಯಾಹಾರಿ ಡೈನೋಸಾರ್‌ಗಳಿಗೆ ಸೌರೋಪಾಡ್ ಎಂದು ಹೆಸರು. ಇವುಗಳ ಕಾಲು ಆನೆಯ ಕಾಲಿನಂತೆ ಕಂಬ. ಮುಂಗೈಯ ಎಲುಬುಗಳು ಒಂದರ ಪಕ್ಕ ಒಂದು ನೇರ ನಿಂತು ಕೊಳವೆಯಂಥ ಆಕಾರ ಮಾಡಿಕೊಂಡಿರುತ್ತವೆ. ಹಿಂಗಾಲಿನ ಹಿಮ್ಮಡಿಯ ಕೆಳಗೆ ಮೆತ್ತನೆಯ ಮಾಂಸದ ದಿಂಬು. ನಾನು ಚಿಕ್ಕವನಿದ್ದಾಗ ನೋಡಿದ ಚಿತ್ರಗಳಲ್ಲಿ ಇವು ಕೆರೆಯಲ್ಲಿ ಕುತ್ತಿಗೆತನಕ ಮುಳುಗಿ ನಿಂತಿರುತ್ತಿದ್ದವು. ಇಷ್ಟು ಭಾರದ ಮೈಯನ್ನು ನೀರಿಲ್ಲದೆ ಹೊರಲಾರವು ಎಂದು ಹಳೆಯ ಕಾಲದ ವಿಜ್ಞಾನಿಗಳು ಭಾವಿಸಿದ್ದರು. ಅಷ್ಟು ಆಳದ ನೀರಿನಲ್ಲಿ ಎದೆಯ ಮೇಲೆ ಬೀಳುವ ಒತ್ತಡಕ್ಕೆ ಉಸಿರಾಡುವುದೇ ಕಷ್ಟ ಎಂದು ಆಮೇಲೆ ತಿಳಿಯಿತು. ಕಾಲಿನ ಎಲುಬು, ಮಣ್ಣಿನಲ್ಲಿ ಉಳಿದ ಹೆಜ್ಜೆ ಎರಡೂ ಇವು ನೆಲದ ಪ್ರಾಣಿಗಳು ಎಂದೇ ಹೇಳುತ್ತವೆ. ಆ ವಿಜ್ಞಾನಿಗಳ ಜೊತೆ ಒಬ್ಬ ಹಮಾಲಿ ಇದ್ದಿದ್ದರೆ ಮೊದಲೇ ಹೇಳುತ್ತಿದ್ದನೇನೋ.

ಇದೇ ಕಣಿವೆಯಲ್ಲಿ ಇದರ ನೆಂಟ ಇನ್ನೊಂದು ಸಿಕ್ಕಿದೆ. ಅದರ ತೊಡೆಯ ಎಲುಬು ಒಂದೇ ಸುಮಾರು 1.7 ಮೀಟರ್. ಅಂದರೆ ನನ್ನಷ್ಟು ಎತ್ತರ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯವರು ಅದನ್ನು ಅಗೆದು ತೆಗೆದು, ತಮ್ಮ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ. 1975ರಲ್ಲಿ ಇಟ್ಟ ಹೆಸರು ಬರಾಪಾಸಾರಸ್ ಟಾಗೋರೈ. ಬಂಗಾಳಿಯಲ್ಲಿ ಬರಾ ಪಾ ಅಂದರೆ ದೊಡ್ಡ ಕಾಲು. ಟಾಗೋರೈ ಅನ್ನುವುದು ರವೀಂದ್ರನಾಥ ಟಾಗೋರರ ನೆನಪಿಗೆ. ಕವಿಯ ಹೆಸರನ್ನು ಇಂಥ ಪ್ರಾಣಿಗೆ ಇಟ್ಟದ್ದು ಕೇಳಿ ಅಪ್ಪ ಬಹಳ ಖುಷಿಪಟ್ಟ. "ಹಾಡು ಬರೆದವ್ರಿಗೂ ಭಾರ ಹೊತ್ತವ್ರಿಗೂ ನೆಂಟಸ್ತಿಕಿ ಅದ ಅಂತ ಆತು," ಎಂದ.

"ಹಂಗಂದ್ರ ಇದರ ಕುತ್ತಿಗಿ ಹ್ಯಾಂಗ ನಿಂದರ್ತದ?" ಎಂದು ಕೇಳಿದ ಆಮೇಲೆ. ತನ್ನ ಕುತ್ತಿಗೆಯ ಪಟ್ಟಿಯ ಮೇಲೆ ಅವನ ಕೈ ಇತ್ತು.

ಉತ್ತರ ಮಗನ ಬಳಿ ತಯಾರಿತ್ತು. ಕಾಲಿನ ಎಲುಬು ಗಟ್ಟಿ, ಒಳಗೂ ತುಂಬಿದ್ದು. ಕುತ್ತಿಗೆಯ ಎಲುಬು ಹಾಗಲ್ಲ. ಸೌರೋಪಾಡ್‌ಗಳು ಬೆಳೆಯುತ್ತ ಬಂದಂತೆ ಅವುಗಳ ಕುತ್ತಿಗೆಯ ಎಲುಬುಗಳಲ್ಲಿ ಗುಳಿಗಳು, ಪೊಟರೆಗಳು, ಜೇನುಹುಟ್ಟಿನಂಥ ಗೂಡುಗಳು ಕಾಣಿಸಿಕೊಂಡವು. ಅವುಗಳಲ್ಲಿ ತುಂಬಿದ್ದು ಗಾಳಿ. ಹಕ್ಕಿಗಳಿಗೆ ಶ್ವಾಸಕೋಶದ ಜೊತೆ ಗಾಳಿಯ ಚೀಲಗಳಿರುತ್ತವೆ, ಅವು ಎಲುಬಿನ ಒಳಗೂ ಹರಡುತ್ತವೆ. ಸೌರೋಪಾಡ್‌ಗಳಿಗೂ ಅಂಥದೇ ವ್ಯವಸ್ಥೆ ಇತ್ತು. ಮುಂದಿನ ಕಾಲದ ದೊಡ್ಡ ಜಾತಿಗಳಲ್ಲಿ ಕುತ್ತಿಗೆಯ ಎಲುಬಿನ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ಗಾಳಿ. ಕೋಟಾಸಾರಸ್ ಇನ್ನೂ ಹಳೆಯ ಕಾಲದ್ದು, ಸುಮಾರು 17–18 ಕೋಟಿ ವರ್ಷ ಹಿಂದಿನದು. ಅದರಲ್ಲಿ ಈ ಗಾಳಿಯ ಕೆಲಸ ಇನ್ನೂ ಅಷ್ಟು ಮುಂದುವರಿದಿರಲಿಲ್ಲ.

ಎರಡನೆಯ ಉಪಾಯ ಎಲುಬಿನ ಲೆಕ್ಕ. ನಮಗೂ ಇಲಿಗೂ ಜಿರಾಫೆಗೂ ಕುತ್ತಿಗೆಯಲ್ಲಿ ಏಳೇ ಎಲುಬು. ಜಿರಾಫೆ ಅದೇ ಏಳನ್ನು ಉದ್ದ ಮಾಡಿಕೊಂಡಿದೆ. ಸೌರೋಪಾಡ್‌ಗಳು ಎಲುಬನ್ನು ಉದ್ದವೂ ಮಾಡಿದವು, ಸಂಖ್ಯೆಯನ್ನೂ ಹೆಚ್ಚಿಸಿದವು. ಡಿಪ್ಲೋಡೋಕಸ್‌ಗೆ 15. ಚೀನಾದ ಮಾಮೆಂಚಿಸಾರಸ್‌ನ ಒಂದು ಜಾತಿಗೆ 19. ಅದೇ ಗುಂಪಿನ ಇನ್ನೊಂದು ಜಾತಿಯ ಕುತ್ತಿಗೆ ಸುಮಾರು 15 ಮೀಟರ್ ಇದ್ದಿರಬೇಕು ಎಂದು 2023ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಜಿರಾಫೆಯ ಕುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು, ಅಷ್ಟೇ.

ಮೂರನೆಯ ಉಪಾಯ ತಲೆ. ಇಷ್ಟು ಉದ್ದದ ಕೋಲಿನ ತುದಿಗೆ ಭಾರದ ಕೊಡ ಕಟ್ಟಲಾಗದು. ಅದಕ್ಕೇ ಇವುಗಳ ತಲೆ ಚಿಕ್ಕದು. ಅಗಿಯುವ ದೊಡ್ಡ ಹಲ್ಲು, ದಪ್ಪ ದವಡೆ ಇಲ್ಲ. ಸೊಪ್ಪು ಕಿತ್ತು ನುಂಗುವುದು, ಉಳಿದ ಕೆಲಸ ಹೊಟ್ಟೆಯದು. ಕಿತ್ತು ಕಿತ್ತು ಹಲ್ಲು ಸವೆದರೆ ಹೊಸದು ಸಿದ್ಧ ಇರುತ್ತಿತ್ತು. ಡಿಪ್ಲೋಡೋಕಸ್‌ಗೆ ಸುಮಾರು 35 ದಿನಕ್ಕೊಮ್ಮೆ ಹೊಸ ಹಲ್ಲು ಬರುತ್ತಿತ್ತು. ಒಂದೇ ಜಾಗದಲ್ಲಿ ನಿಂತು, ಮೈ ಅಲುಗಿಸದೆ, ಕುತ್ತಿಗೆಯನ್ನಷ್ಟೇ ಆಡಿಸಿ ಸುತ್ತಲಿನ ಸೊಪ್ಪನ್ನೆಲ್ಲ ಮೇಯಬಹುದಿತ್ತು. ಅಷ್ಟು ದೊಡ್ಡ ಮೈಯನ್ನು ಹೆಜ್ಜೆ ಹೆಜ್ಜೆಗೂ ಎಳೆದಾಡುವ ಖರ್ಚು ಉಳಿಯಿತು.

"ಇದರ ತಲಿ ಖರೇದೇನು?" ಎಂದು ಅಪ್ಪ ಕೇಳಿದ.

ಖರೇದಲ್ಲ. ಕೋಟಾಸಾರಸ್‌ನ 840 ಎಲುಬು ಸಿಕ್ಕರೂ ತಲೆಬುರುಡೆ ಸಿಕ್ಕಿಲ್ಲ, ಹಲ್ಲು ಮಾತ್ರ ಎರಡು ಸಿಕ್ಕಿವೆ. ಬರಾಪಾಸಾರಸ್‌ನದೂ ಅದೇ ಕಥೆ. ಸೌರೋಪಾಡ್‌ಗಳ ತಲೆ ಹಗುರ, ತೆಳು ಎಲುಬಿನದು. ಪ್ರಾಣಿ ಸತ್ತ ಮೇಲೆ ಬೇಗ ಕಳಚಿ ಒಡೆದುಹೋಗುತ್ತದೆ. ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ವಸ್ತುಸಂಗ್ರಹಾಲಯದಲ್ಲಿ ಅಪಾಟೋಸಾರಸ್ ಅಸ್ಥಿಪಂಜರ ಹಲವು ದಶಕ ಬೇರೆ ಜಾತಿಯಂಥ ತಲೆ ಹೊತ್ತು ನಿಂತಿತ್ತು. 1979ರಲ್ಲಿ ಅದನ್ನು ಇಳಿಸಿ ಸರಿಯಾದ ತಲೆ ಇಟ್ಟರು. ಕುತ್ತಿಗೆಯನ್ನು ಹಗುರ ಮಾಡಿಕೊಟ್ಟ ತಲೆಯೇ ಈ ಪ್ರಾಣಿಗಳ ಚರಿತ್ರೆಯಲ್ಲಿ ಮೊದಲು ಕಳೆದುಹೋಗುವ ಭಾಗ.

ಕಾಲು ನೋಯುತ್ತಿದೆ ಎಂದು ಅಪ್ಪ ಬೆಂಚಿನ ಮೇಲೆ ಕುಳಿತ. ಮಗ ಪಕ್ಕದಲ್ಲಿ ಕುಳಿತು ಈ ವಂಶದ ಹಿಂದಿನ ಕಥೆ ಹೇಳತೊಡಗಿದ. ಸುಮಾರು 23 ಕೋಟಿ ವರ್ಷ ಹಿಂದೆ, ಈಗಿನ ಬ್ರೆಜಿಲ್ ಇರುವ ಕಡೆ, ಇವುಗಳ ಪೂರ್ವಜರು ನಾಯಿಯಷ್ಟು ದೊಡ್ಡವು. ಎರಡೇ ಕಾಲಿನ ಮೇಲೆ ಓಡುತ್ತಿದ್ದವು. ಬುರಿಯೋಲೆಸ್ಟಿಸ್ ಎಂಬುದರ ಹಲ್ಲಂತೂ ಮಾಂಸ ತಿನ್ನುವವುಗಳ ಹಲ್ಲು. ಆಮೇಲೆ ಸೊಪ್ಪಿಗೆ ಒಗ್ಗಿಕೊಂಡವು, ಹೊಟ್ಟೆ ಬೆಳೆಯಿತು, ಕುತ್ತಿಗೆ ಚಾಚಿತು. ಮೈಯ ಭಾರ ಏರಿದಂತೆ ಮುಂಗೈ ನೆಲಕ್ಕೆ ಊರಿದವು. ಆ ನಡುವಿನ ಹಂತದ ಪ್ರಾಣಿಗಳೂ ನಮ್ಮ ಗೋದಾವರಿ ಕಣಿವೆಯಲ್ಲೇ ಸಿಕ್ಕಿವೆ. 2011ರಲ್ಲಿ ಹೆಸರು ಪಡೆದ ಜಕ್ಲಪಲ್ಲಿಸಾರಸ್, ನಂಬಾಲಿಯಾ ಅಂಥವು. ಅವು 20 ಕೋಟಿ ವರ್ಷಕ್ಕೂ ಹಿಂದಿನವು.

"ಹಂಗಂದ್ರ ಕೈನೇ ಕಾಲು ಆತು," ಎಂದ ಅಪ್ಪ. ತನ್ನ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ನೋಡಿದ. ಬಲಗೈಯ ಕಿರುಬೆರಳು ತಾನಾಗಿ ನಡುಗುತ್ತಿತ್ತು.

ಎಂಟು ನೂರು ನಲವತ್ತು ಎಲುಬಿನ ಮುಂದೆ ಕುಳಿತು ನಾವು ಮೂವರೂ ಆ ಬೆರಳನ್ನು ನೋಡಿದೆವು.

ಆಗ ನಾನೇ ಆ ಮಾತು ತೆಗೆದೆ. ದನಿಯ ನರದ ಮಾತು. ಡಾಕ್ಟರು ಕುತ್ತಿಗೆಯಲ್ಲಿ ಅಂದರು, ದನಿಪೆಟ್ಟಿಗೆಗೆ ಹೋಗುವ ನರ ಮಿದುಳಿನಿಂದ ಸೀದಾ ಬಂದಿದ್ದರೆ ಅಷ್ಟು ಕೆಳಗೆ ಯಾಕೆ ಇರುತ್ತದೆ ಎಂದು ನನಗೆ ಅರ್ಥವಾಗಿರಲಿಲ್ಲ. ಮಗ ಔಷಧಿ ಚೀಟಿಯ ಹಿಂಬದಿಗೆ ಚಿತ್ರ ಬರೆದ. ನರ ಮಿದುಳಿನಿಂದ ಹೊರಟು, ದನಿಪೆಟ್ಟಿಗೆಯ ಪಕ್ಕದಿಂದಲೇ ಹಾದು, ಅಲ್ಲಿ ನಿಲ್ಲದೆ, ಎದೆಗೆ ಇಳಿಯುತ್ತದೆ. ಎಡಗಡೆಯದು ಹೃದಯದ ಹತ್ತಿರ ದೊಡ್ಡ ರಕ್ತನಾಳವನ್ನು ಸುತ್ತಿ, ಮತ್ತೆ ಮೇಲೆ ಹತ್ತಿ ದನಿಪೆಟ್ಟಿಗೆ ಸೇರುತ್ತದೆ. ಪಕ್ಕದ ಮನೆಗೆ ಹೋಗಲು ವಾಡಿ ಜಂಕ್ಷನ್ ಸುತ್ತಿ ಬಂದ ಹಾಗೆ.

ಯಾಕೆ ಹೀಗೆ? ನಮ್ಮ ಬಹು ದೂರದ ಪೂರ್ವಜರು ಮೀನಿನಂಥವು. ಮೀನಿಗೆ ಕುತ್ತಿಗೆ ಇಲ್ಲ. ಕಿವಿರಿಗೆ ಹೋಗುವ ಈ ನರ ಒಂದು ರಕ್ತನಾಳದ ಹಿಂದಿನಿಂದ ಸೀದಾ ಹೋಗುತ್ತಿತ್ತು. ಮುಂದೆ ನೆಲದ ಪ್ರಾಣಿಗಳಲ್ಲಿ ಕುತ್ತಿಗೆ ಬೆಳೆಯಿತು, ಹೃದಯ ಎದೆಗೆ ಇಳಿಯಿತು. ರಕ್ತನಾಳಕ್ಕೆ ಸಿಕ್ಕಿಕೊಂಡಿದ್ದ ನರ ಅದರ ಜೊತೆ ಕೆಳಗೆ ಎಳೆದುಕೊಂಡು ಹೋಯಿತು. ನಿಸರ್ಗ ಹಳೆಯ ಮನೆ ಕೆಡವಿ ಹೊಸದು ಕಟ್ಟುವುದಿಲ್ಲ, ಇದ್ದ ಮನೆಗೇ ಕೋಣೆ ಜೋಡಿಸುತ್ತ ಹೋಗುತ್ತದೆ. ಅದಕ್ಕೇ ಜಿರಾಫೆಯಲ್ಲಿ ಈ ನರ 4 ಮೀಟರಿಗೂ ಉದ್ದ. ಹಕ್ಕಿ, ಮೊಸಳೆ, ಮನುಷ್ಯ ಎಲ್ಲರಲ್ಲೂ ಇದೇ ದಾರಿ ಇರುವುದರಿಂದ ಸೌರೋಪಾಡ್‌ಗಳಲ್ಲೂ ಹೀಗೇ ಇದ್ದಿರಬೇಕು. ಅತಿ ಉದ್ದದ ಕುತ್ತಿಗೆಯವುಗಳಲ್ಲಿ ಇಳಿದು ಹತ್ತುವ ದಾರಿ ಸೇರಿ 25 ಮೀಟರಿಗೂ ಹೆಚ್ಚಾಗುತ್ತದೆ ಎಂದು ಲೆಕ್ಕ ಹಾಕಿದವರಿದ್ದಾರೆ.

ಅಪ್ಪ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಅಂದ್ರ ದನಿ ಎದಿತನಕ ಹೋಗಿ ಬರ್ತದ ಅಂದಂಗಾತು," ಎಂದ.

"ದನಿ ಅಲ್ಲ ಮುತ್ಯಾ, ನರ. ಅದು ಸುತ್ತು ದಾರಿ. ತಪ್ಪು ದಾರಿ."

"ತಪ್ಪೇನು ಬಂತು. ಎದಿ ಮುಟ್ಟಿ ಬರಲಾರದ ದನಿ ಯಾಕ ಬೇಕು?"

ಮಗ ಒಪ್ಪಲಿಲ್ಲ. ಇಬ್ಬರೂ ಆಟೋದಲ್ಲಿ ಮನೆ ಮುಟ್ಟುವ ತನಕ ಅದನ್ನೇ ವಾದಿಸಿದರು. ನನಗೆ ಅವರ ವಾದದಲ್ಲಿ ಸೇರುವ ಧೈರ್ಯ ಇರಲಿಲ್ಲ.

ರಾತ್ರಿ ತಂಗಿಯ ಮನೆಯಲ್ಲಿ ಊಟವಾದ ಮೇಲೆ ಮಗ ಇನ್ನೊಂದು ಲೆಕ್ಕ ತೆಗೆದ. "ಮುತ್ಯಾ, ದಿನಕ್ಕ ಎಷ್ಟು ಚೀಲ ಹೊರ್ತಿದ್ದಿ?" ಸುಗ್ಗಿಯಲ್ಲಿ ಇನ್ನೂರು, ಇಲ್ಲದಾಗ ಐವತ್ತು ಎಂದ ಅಪ್ಪ. ಸರಾಸರಿ ನೂರು ಹಿಡಿದ. ವರ್ಷಕ್ಕೆ ಇನ್ನೂರು ದಿನ. 38 ವರ್ಷ. ಒಟ್ಟು 7,60,000 ಚೀಲ. ಕ್ವಿಂಟಲ್ ಲೆಕ್ಕದಲ್ಲಿ 76,000 ಟನ್. ನೆಲದ ಮೇಲೆ ನಡೆದ ಅತಿ ಭಾರದ ಪ್ರಾಣಿಗಳಲ್ಲಿ ಒಂದಾದ ಅರ್ಜೆಂಟಿನೋಸಾರಸ್‌ನ ತೂಕ ಸುಮಾರು 70 ಟನ್ ಇದ್ದಿರಬೇಕು ಎನ್ನುತ್ತಾರೆ.

"ಮುತ್ಯಾ, ನೀ ಸಾವಿರಕ್ಕಿಂತ ಜಾಸ್ತಿ ಅರ್ಜೆಂಟಿನೋಸಾರಸ್ ಹೊತ್ತೀದಿ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹದಿನೈದು ವರ್ಷದಿಂದ ಹಮಾಲಿ ಖರ್ಚು ಎಂಬ ಕಲಮಿನಲ್ಲಿ ಚೀಲದ ಸಂಖ್ಯೆ ಬರೆಯುತ್ತ ಬಂದವನು ನಾನು. ದಿನದ ಕೊನೆಗೆ ಒಟ್ಟು ಹಾಕುತ್ತೇನೆ, ಗೆರೆ ಎಳೆಯುತ್ತೇನೆ. ಒಬ್ಬನ ಕುತ್ತಿಗೆಯ ಮೇಲೆ ಬಿದ್ದದ್ದನ್ನು ವರ್ಷ ವರ್ಷ ಕೂಡಿಸಿ ನೋಡಿದವನಲ್ಲ. ಆ ಕೆಲಸ ಐದನೇ ಕ್ಲಾಸಿನ ಹುಡುಗ ಮಾಡಿದ.

ಹಾಸಿಗೆ ಹಾಸುವಾಗ ಕೇಳಿದೆ. "ಅಪ್ಪಾ, ಏನ್ ಮಾಡೋಣು?"

"ಪ್ರಾಣಿ ಶ್ಯಾಣ್ಯಾ ಇತ್ತು," ಎಂದ. "ಭಾರ ಎಲ್ಲಾ ಕಾಲಿಗೆ ಕೊಟ್ಟು ಕುತ್ತಿಗಿ ಹಗುರ ಇಟ್ಕೊಂತು. ನಾವು ಕುತ್ತಿಗಿ ಮ್ಯಾಲೇ ಹೊತ್ವಿ. ಆಗಿದ್ದು ಆತು." ಸ್ವಲ್ಪ ಹೊತ್ತು ಬಿಟ್ಟು, "ಮಾಡ್ಸಿ ಬಿಡು. ಕೈ ಹೋದ್ರ ಉಣಸ್ಲಕ್ ಒಬ್ಬರು ಬೇಕಾಗ್ತಾರ. ದನಿ ಹೋದ್ರ ಮಂದಿ ಹಾಡೋದು ಕೇಳ್ಕೋತ ಕೂಡ್ತೀನಿ. ಇಷ್ಟು ದಿನ ಅವ್ರು ಕೇಳ್ಯಾರ," ಎಂದ.

ಆಪರೇಷನ್ ಎರಡೂವರೆ ತಾಸು ಹಿಡಿಯಿತು. ಮಾರನೆಯ ದಿನ ಅಪ್ಪ ಕಣ್ಣು ಬಿಟ್ಟು ಮೊದಲು ಮೊಮ್ಮಗನನ್ನು ಕರೆದ. ಬಾಯಿ ಆಡಿತು, ದನಿ ಬರಲಿಲ್ಲ. ಒಣ ಎಲೆ ತುಳಿದಂಥ ಸದ್ದು ಬಂತು. ಮಗ ನನ್ನ ಕೈ ಗಟ್ಟಿ ಹಿಡಿದ. ಆಮೇಲೆ ವರಾಂಡದಲ್ಲಿ ನಿಂತು, "ನಾ ಆ ನರದ ಚಿತ್ರ ತೆಗೀಬಾರ್ದಿತ್ತು," ಎಂದು ಅತ್ತ. ಚಿತ್ರ ತೆಗೆದದ್ದಕ್ಕೆ ನರಕ್ಕೆ ಏನೂ ಆಗುವುದಿಲ್ಲ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅತ್ತ. ಕಾಯಬೇಕು ಎಂದರು ಡಾಕ್ಟರು.

ಊರಿಗೆ ವಾಪಸ್ಸು ಬರುವಾಗ ರೈಲಿನ ಕಿಟಕಿಯ ಹೊರಗೆ ಎರೆಮಣ್ಣಿನ ಹೊಲ, ಹೂ ಬಿಡಲು ತಯಾರಾಗಿದ್ದ ತೊಗರಿ. ಮಾತಾಡಲಾಗದ ಅಪ್ಪನಿಗೆ ಮಗ ತಾನೇ ಮಾತಾಡುತ್ತ ಬಂದ. ನಮ್ಮ ಕಡೆಯ ಈ ಕಪ್ಪು ಮಣ್ಣು ಜ್ವಾಲಾಮುಖಿಯ ಕಲ್ಲು ಸವೆದು ಆದದ್ದು. ಸುಮಾರು 6.6 ಕೋಟಿ ವರ್ಷ ಹಿಂದೆ ದಖ್ಖನಿನ ನೆಲ ಬಿರಿದು ಲಾವಾ ಹರಿಯಿತು. ಆ ಕಾಲಕ್ಕೆ ನರ್ಮದೆಯ ಕಡೆ ಸೌರೋಪಾಡ್‌ಗಳ ಕೊನೆಯ ಸಂತತಿ ಇನ್ನೂ ಮೊಟ್ಟೆ ಇಡುತ್ತಿತ್ತು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಅವುಗಳ 92 ಗೂಡು, 256 ಮೊಟ್ಟೆ ಸಿಕ್ಕ ಸುದ್ದಿ 2023ರಲ್ಲಿ ಬಂತು. ಅಷ್ಟು ದೊಡ್ಡ ತಾಯಿಯ ಮೊಟ್ಟೆ ಒಂದು ಗೇಣಿಗಿಂತ ದೊಡ್ಡದಲ್ಲ. ಕಲಬುರಗಿಯಲ್ಲಿ ಡೈನೋಸಾರ್ ಸಿಗುವುದಿಲ್ಲ. ನಮ್ಮ ಶಹಾಬಾದ್ ಪರಸಿ ಅವುಗಳಿಗಿಂತ ಎಷ್ಟೋ ಹಳೆಯದು, ಮಣ್ಣು ಅವು ಮುಗಿಯುವ ಕಾಲದ ಕಲ್ಲಿನದು. ಆದರೆ ಆ ಲಾವಾದ ಮಣ್ಣಿನಲ್ಲೇ ತೊಗರಿ ಬೆಳೆಯುತ್ತದೆ, ಆ ತೊಗರಿಯನ್ನೇ ಮುತ್ಯಾ ಹೊತ್ತದ್ದು. ಅಪ್ಪ ತಲೆ ಅಲ್ಲಾಡಿಸಲಾಗದೆ ಕಣ್ಣು ಮುಚ್ಚಿ ತೆರೆದು ಹೌದು ಎಂದ.

ಮೊದಲ ತಿಂಗಳು ಅಪ್ಪ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದ. ಬೆರಳು ಮೊದಲಿಗಿಂತ ಮಾತು ಕೇಳುತ್ತಿದ್ದವು, ಅಕ್ಷರ ದಿನದಿನಕ್ಕೆ ನೆಟ್ಟಗಾದವು. ಎರಡನೆಯ ತಿಂಗಳು ಪಿಸುಮಾತು ಬಂತು. ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ತಾನೇ ಅಂಗಿ ತೊಟ್ಟು, ಐದೂ ಗುಂಡಿ ಹಾಕಿಕೊಂಡು, ಮಠಕ್ಕೆ ನಡೆ ಎಂದ. ಮಗ ಏಕತಾರಿ ಹಿಡಿದು ಮುಂದೆ ಹೊರಟ.

ಹಾರ್ಮೋನಿಯಂ ನುಡಿಸುವವರು ಅಭ್ಯಾಸದಂತೆ ಹಳೆಯ ಸ್ವರ ಹಿಡಿದರು. ಅಪ್ಪ ಎರಡು ಸಲ ಪ್ರಯತ್ನಿಸಿದ. ದನಿ ಮೇಲೆ ಹೋಗಿ ಒಡೆಯಿತು. ಮಂದಿ ನೆಲ ನೋಡಿದರು. ಅಪ್ಪ ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಎರಡು ಮನಿ ಕೆಳಗ ಹಿಡೀರಿ," ಎಂದ.

ಕೆಳಗೆ ಹಿಡಿದರು. ದನಿ ಗೊಗ್ಗರಿತ್ತು, ಮೊದಲಿನದಲ್ಲ. ಆದರೆ ನಿಂತಿತು. ಮಗ ನನ್ನ ಪಕ್ಕ ಕುಳಿತು, ಒಂದು ಬೆರಳನ್ನು ತನ್ನ ಗಂಟಲಿನಿಂದ ಎದೆಗೆ ಇಳಿಸಿ, ಮತ್ತೆ ಮೇಲಕ್ಕೆ ತಂದು, ಹಾಗೇ ಒಂದೆರಡು ಸಲ ಮಾಡಿ ನೋಡಿಕೊಳ್ಳುತ್ತಿದ್ದ.